ಕಾರಿನ ಹೊಟ್ಟೆಯೊಳಗೆ ಬೈಕು

"ಇದನ್ನೊಂದು ನೋಡು ಪೂವಯ್ಯ," ಎಂದು ಕಾರ್ಯಪ್ಪ ಮೊಬೈಲು ಮುಂದೆ ಹಿಡಿದ. "ಯಾರೋ ಹೇಳಿ ಮಾಡಿಸಿದ ಕಾರು. ಹೊಚ್ಚ ಹೊಸದು, ನೋಡೋಕೆ ಮಾತ್ರ ಥೇಟ್ ಅಜ್ಜನ ಕಾಲದ್ದು. ಹಿಂದಿನ ಬಾಗಿಲು ತೆಗೆದರೆ ಒಳಗೊಂದು ಬೈಕು!"

"ಬೈಕಿನ ಸೀಟು ಎತ್ತಿದರೆ ಒಳಗೊಂದು ಸೈಕಲ್ಲು ಇದೆಯಾ?" ಎಂದ ಪೂವಯ್ಯ.

"ತಮಾಷೆ ಬೇಡ ಮಾರಾಯ. ನಾನೂ ಒಂದು ಮಾಡಿಸ್ತೇನೆ. ಹಂಸ, ಎಷ್ಟಾಗುತ್ತೆ?"

ಗೋಣಿಕೊಪ್ಪಲಿನಲ್ಲಿ ಬೆಳಿಗ್ಗೆಯಿಂದ ಮಳೆ ಬಿಟ್ಟಿರಲಿಲ್ಲ. ಮೆಕ್ಯಾನಿಕ್ ಹಂಸ ಜೀಪಿನ ಅಡಿಯಿಂದ ಹೊರಗೆ ಬರದೆಯೇ ಕೇಳಿದ. "ಒಳಗೆ ಹೋಗೋದು ಯಾವ ಬೈಕು?"

"ಬುಲೆಟ್."

"190 ಕಿಲೋ ದಾಟುತ್ತೆ ಅಣ್ಣ. ಹಲಗೆ ಕೊಟ್ಟು ಹತ್ತಿಸೋಕೆ ಮೂರು ಜನ ಬೇಕು."

"ಆ ಮೂರು ಜನ ಕೂರೋದೆಲ್ಲಿ? ಬೈಕು ಮಲಗಿದೆಯಲ್ಲ," ಎಂದ ಪೂವಯ್ಯ. "ಅವರಿಗೆ ಅಂತ ಹಿಂದೊಂದು ಜೀಪು ಬರಲಿ."

ಮೇಷ್ಟ್ರು ಸುಮ್ನೆ ಇದ್ದಾರೆಯೇ? "ಜಪಾನಿನವರು 1981ರಲ್ಲೇ ಮಾಡಿದ್ರು. ಹೋಂಡಾ ಸಿಟಿ ಕಾರಿನ ಡಿಕ್ಕಿಗೆ ಅಂತಲೇ ಮೋಟೊಕಾಂಪೊ ಅನ್ನೋ ಪುಟ್ಟ ಸ್ಕೂಟರು. 49 ಸಿಸಿ. ಹ್ಯಾಂಡಲು ಮಡಚಿ, ಸೀಟು ಒಳಗೆ ತಳ್ಳಿದರೆ ಪೆಟ್ಟಿಗೆ. ಕಾರು ಒಂದು ಕಡೆ ನಿಲ್ಲಿಸಿ ಪೇಟೆಯೊಳಗೆ ಸ್ಕೂಟರಿನಲ್ಲಿ ತಿರುಗೋದು."

"ಚೆನ್ನಾಯ್ತು. ರಜೆಯಲ್ಲಿ ರಾಜಾಸೀಟಿನ ಹತ್ತಿರ ಒಂದು ಗಾಡಿ ನಿಲ್ಲಿಸೋಕೆ ಜಾಗ ಇಲ್ಲ. ಇನ್ನು ಬಂದವರೆಲ್ಲ ಎರಡೆರಡು ನಿಲ್ಲಿಸಲಿ," ಎಂದ ಪೂವಯ್ಯ.

"ನಿನಗೆ ವಿಂಟೇಜ್ ಅಂದ್ರೆ ಬೆಲೆ ಗೊತ್ತಿಲ್ಲ," ಎಂದು ಕಾರ್ಯಪ್ಪ ಮುಖ ಊದಿಸಿದ.

"ವಿಂಟೇಜ್ ಅಂತ ನೋಂದಣಿ ಆಗಬೇಕಾದ್ರೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. 2021ರ ನಿಯಮ," ಎಂದರು ಮೇಷ್ಟ್ರು.

"ಹಾಗಾದ್ರೆ ನನಗೆ ಆಗುತ್ತೆ," ಎಂದ ಪೂವಯ್ಯ. "ಕಾರ್ಯಪ್ಪನಿಗೆ ಆಗಲ್ಲ. ಎರಡೂ ಮಂಡಿ ಬದಲಾಯಿಸಿದ್ದಾನೆ."

ಹಂಸ ಅಡಿಯಲ್ಲೇ ನಕ್ಕ. ಸ್ಪ್ಯಾನರು ಬಿದ್ದ ಸದ್ದಾಯಿತು.

"ಅಲ್ಲ ಕಾರ್ಯಪ್ಪ, ಹಳೇದೇ ಬೇಕಿದ್ರೆ ನಿಮ್ಮಪ್ಪನ ಜಾವಾ ಬೈಕು ಇತ್ತಲ್ಲ?" ಎಂದ ಪೂವಯ್ಯ.

"ಗುಜರಿಗೆ ಹಾಕಿದೆ."

"ಎಷ್ಟಕ್ಕೆ?"

"ತೂಕದ ಲೆಕ್ಕ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೈಸೂರಿನ ಜಾವಾ ಫ್ಯಾಕ್ಟರಿ ಶುರುವಾದದ್ದು 1961ರಲ್ಲಿ, ಬಾಗಿಲು ಹಾಕಿದ್ದು 1996ರಲ್ಲಿ ಎಂದು ಮೇಷ್ಟ್ರು ಹೇಳಿದರು. ಯಾರೂ ಕೇಳಿರಲಿಲ್ಲ.

"ಕಿಕ್ಕರೂ ಗೇರೂ ಒಂದೇ ಕಡ್ಡಿ ಅದಕ್ಕೆ," ಎಂದ ಕಾರ್ಯಪ್ಪ, ಮೊಬೈಲು ಮಡಿಲಲ್ಲಿಟ್ಟು. "ಒಳಗೆ ಒತ್ತಿ ಮೇಲಕ್ಕೆ ತಿರುಗಿಸಬೇಕು, ಆಮೇಲೆ ಒದೀಬೇಕು. ಅಪ್ಪ ನನ್ನ ಪಾದ ಹಿಡಿದು ಕಲಿಸಿದ್ದು. ಸಣ್ಣವನಿಗೆ ಎಲ್ಲಿ ಒದೆಯೋಕಾಗುತ್ತೆ, ಬೂಟಿನೊಳಗೆ ಬರೀ ಕಾಲು ಜಾರ್ತಿತ್ತು."

"ನನಗೂ ನೆನಪಿದೆ," ಎಂದ ಪೂವಯ್ಯ, ಈ ಸಲ ಮೆತ್ತಗೆ. "ಹುತ್ತರಿ ಸಂತೆಗೆ ಬರ್ತಿದ್ರಲ್ಲ. ಟ್ಯಾಂಕಿನ ಮೇಲೆ ನೀನು, ಹಿಂದೆ ನಿಮ್ಮಮ್ಮ, ನಡುವೆ ನಿನ್ನ ತಂಗಿ, ಪಕ್ಕದಲ್ಲಿ ನೇತಾಡೋ ಕೋಳಿ. ಆಗ ಬೈಕಿನಲ್ಲಿ ಒಂದು ಕಾರಿನಷ್ಟು ಜನ ಹೋಗ್ತಿದ್ರಿ. ಈಗ ಕಾರಿನಲ್ಲಿ ಹೋಗೋದು ಬೈಕು. ಮಕ್ಕಳು ಬೆಂಗಳೂರಲ್ಲಿ."

ಕಾರ್ಯಪ್ಪ ಮಳೆಯ ಕಡೆ ತಿರುಗಿ ಕೂತ. ಆಮೇಲೆ ಬಗ್ಗಿ ಜೀಪಿನ ಅಡಿಗೆ ಕೇಳಿದ.

"ಹಂಸ, ಎಲ್ಲಾದ್ರೂ ಒಂದು ಜಾವಾ ಸಿಕ್ಕಿದ್ರೆ ನನ್ನ ಮಾರುತಿಯೊಳಗೆ ಹಿಡಿಸುತ್ತಾ?"

"ಹಿಡಿಸುತ್ತೆ ಅಣ್ಣ. ಡ್ರೈವರ್ ಸೀಟು ಒಂದು ತೆಗೀಬೇಕಾಗುತ್ತೆ."