ಚಾರ್ಲ್ಸ್‌ಟನ್ ಮತ್ತು ಕಿಯಾವಾ ದ್ವೀಪ: ಐದು ರಾತ್ರಿಯ ಐಷಾರಾಮಿ ಪ್ರವಾಸ ಹೇಗೆ ಪ್ಲ್ಯಾನ್ ಮಾಡೋದು?

ಪ್ರಶ್ನೆ: ನಾವು ಅಮೆರಿಕದ ನಾರ್ತ್ ಕ್ಯಾರೊಲೈನಾದ ಷಾರ್ಲೆಟ್‌ನಲ್ಲಿದ್ದೇವೆ. ಮದುವೆಯಾಗಿ 25 ವರ್ಷ ಆಗುತ್ತಿದೆ. ಊರಿನಿಂದ ಬಂದಿರುವ ಅತ್ತೆ, ಮಾವನೂ ಜೊತೆಗಿರುತ್ತಾರೆ. ಮಾವ ಕುಮಟಾ ಕಡೆಯವರು, ಗದ್ದೆ ಮಾಡಿದವರು. ಐದು ರಾತ್ರಿ ಇದೆ. ಸೌತ್ ಕ್ಯಾರೊಲೈನಾದ ಚಾರ್ಲ್ಸ್‌ಟನ್, ಹಿಲ್ಟನ್ ಹೆಡ್ ದ್ವೀಪ, ಪಕ್ಕದ ಜಾರ್ಜಿಯಾದ ಸವಾನಾ ಮೂರೂ ನೋಡುವ ಆಸೆ. ಖರ್ಚಿಗೆ ಹಿಂದೆಮುಂದೆ ನೋಡುವುದಿಲ್ಲ, ಆದರೆ ಸುಮ್ನೆ ದುಡ್ಡು ಸುರಿಯೋಕೂ ಇಷ್ಟವಿಲ್ಲ. ಜುಲೈ ಕೊನೆಗೆ ಹೋಗಬಹುದಾ, ಅಥವಾ ಅಕ್ಟೋಬರ್ ಕೊನೆಗಾ?

ಉತ್ತರ (ಪ್ರವಾಸ ಯೋಜಕಿ): ಮೊದಲಿಗೆ ಇಬ್ಬರಿಗೂ ಶುಭಾಶಯ. ಅಕ್ಟೋಬರ್ ಕೊನೆಗೇ ಹೋಗಿ. ಜುಲೈನಲ್ಲಿ ಚಾರ್ಲ್ಸ್‌ಟನ್ ಸೆಕೆ ನಮ್ಮ ಕರಾವಳಿಯ ಮೇ ತಿಂಗಳಿಗೆ ಏನೂ ಕಡಿಮೆ ಇಲ್ಲ. ಈ ಊರು ನೋಡುವುದೇ ಕಾಲ್ನಡಿಗೆಯಲ್ಲಿ. ವಯಸ್ಸಾದವರನ್ನು ಕರೆದುಕೊಂಡು ಆ ಬಿಸಿಲಲ್ಲಿ ಎಷ್ಟು ದೂರ ನಡೆಯುತ್ತೀರಿ?

ಇನ್ನು ಮೂರು ಊರಿನ ಆಸೆ ಬಿಡಿ. ಐದು ರಾತ್ರಿಗೆ ಮೂರು ಹೋಟೆಲ್ ಅಂದರೆ ಅರ್ಧ ರಜೆ ಪೆಟ್ಟಿಗೆ ಕಟ್ಟುವುದರಲ್ಲೇ ಹೋಗುತ್ತದೆ. ಚಾರ್ಲ್ಸ್‌ಟನ್‌ನಿಂದ ಸವಾನಾಕ್ಕೆ ಸುಮಾರು ಎರಡು ಗಂಟೆ ದಾರಿ, ಅದನ್ನು ಇನ್ನೊಮ್ಮೆಗೆ ಇಟ್ಟುಕೊಳ್ಳಿ. ನಾನಾದರೆ ಚಾರ್ಲ್ಸ್‌ಟನ್‌ನಲ್ಲಿ ಮೂರು ರಾತ್ರಿ, ಕಿಯಾವಾ ದ್ವೀಪದಲ್ಲಿ ಎರಡು ರಾತ್ರಿ ಹಾಕುತ್ತೇನೆ. ಹಿಲ್ಟನ್ ಹೆಡ್ ಚೆನ್ನಾಗಿದೆ, ಆದರೆ ಕಿಯಾವಾ ಚಾರ್ಲ್ಸ್‌ಟನ್‌ನಿಂದ ಒಂದು ಗಂಟೆಯೊಳಗೇ ಸಿಗುತ್ತದೆ.

ಚಾರ್ಲ್ಸ್‌ಟನ್‌ನಲ್ಲಿ ದುಡ್ಡು ಹಾಕಬೇಕಾದದ್ದು ಜಾಗಕ್ಕೆ. ಹಳೇ ಊರಿನ ಒಳಗೇ ಉಳಿಯಿರಿ, ಆಗ ಕಾರು ಮುಟ್ಟುವುದೇ ಬೇಡ. ಹಳೆಯ ಬಂಗಲೆಗಳನ್ನು ಸಣ್ಣ ಹೋಟೆಲ್ ಮಾಡಿರುವ ಕಡೆ ತುಂಬ ಸೊಗಸು, ಆದರೆ ಮೆಟ್ಟಿಲು ಜಾಸ್ತಿ. ಲಿಫ್ಟ್ ಇದೆಯಾ ಅಂತ ಕೇಳದೆ ಬುಕ್ ಮಾಡಬೇಡಿ. ಅತ್ತೆ, ಮಾವನ ಮೊಣಕಾಲು ನೆನೆದರೆ ದಿ ಚಾರ್ಲ್ಸ್‌ಟನ್ ಪ್ಲೇಸ್ ಅಥವಾ ಮೇರಿಯನ್ ಸ್ಕ್ವೇರ್ ಎದುರಿನ ಹೋಟೆಲ್ ಬೆನೆಟ್ ಥರದ ದೊಡ್ಡ ಹೋಟೆಲ್ ವಾಸಿ. ಎರಡೂ ಅಂಗಡಿ ಬೀದಿಯಾದ ಕಿಂಗ್ ಸ್ಟ್ರೀಟ್ ಹತ್ತಿರವೇ ಇವೆ. ಕೋಣೆ ಬಾಡಿಗೆಯ ಮೇಲೆ ತೆರಿಗೆ, ಕಾರು ನಿಲ್ಲಿಸುವ ಬಾಡಿಗೆ ಬೇರೆ ಬೀಳುತ್ತದೆ. ಒಟ್ಟು ಮೊತ್ತ ನೋಡಿಯೇ ಹೋಲಿಸಿ.

ಬೆಳಿಗ್ಗೆ ಬೇಗ ಎದ್ದು ಬ್ರಾಡ್ ಸ್ಟ್ರೀಟ್‌ನ ದಕ್ಷಿಣಕ್ಕೆ ನಡೆಯಿರಿ. ಅಲ್ಲಿ ಮನೆಗಳು ಬೀದಿಗೆ ಪಕ್ಕ ತಿರುಗಿಸಿ ನಿಂತಿವೆ, ಅಗಲ ಒಂದೇ ಕೋಣೆಯಷ್ಟು. ಬೀದಿಬಾಗಿಲು ತೆರೆದರೆ ಮನೆಯೊಳಗೆ ಹೋಗುವುದಿಲ್ಲ, ಉದ್ದನೆಯ ಜಗುಲಿಗೆ ಹೋಗುತ್ತದೆ! ಸಮುದ್ರದ ಗಾಳಿ ಹಿಡಿಯಲು ಜಗುಲಿಯನ್ನು ದಕ್ಷಿಣಕ್ಕೋ ಪಶ್ಚಿಮಕ್ಕೋ ಮುಖ ಮಾಡಿ ಕಟ್ಟಿದ್ದಾರೆ. ಹಾಗೇ ಗೋಡೆಗಳ ಮೇಲೆ ಕಣ್ಣಾಡಿಸಿ. ಅಲ್ಲಲ್ಲಿ ತಟ್ಟೆಯಂಥ ಕಬ್ಬಿಣದ ಬಿಲ್ಲೆಗಳು ಕಾಣುತ್ತವೆ. 1886ರ ಆಗಸ್ಟ್ 31ರಂದು ಇಲ್ಲಿ ಭಾರಿ ಭೂಕಂಪವಾಯಿತು. ಆಮೇಲೆ ಗೋಡೆಗಳನ್ನು ಬಿಗಿಯಲು ಮನೆಯ ಉದ್ದಕ್ಕೂ ಕಬ್ಬಿಣದ ಸರಳು ತೂರಿಸಿದರು. ನಿಮಗೆ ಕಾಣುವುದು ಆ ಸರಳಿನ ತುದಿ. ಹತ್ತಿರ ಹೋಗಿ ನೋಡಿದರೆ ಒಂದೊಂದರ ಆಕಾರ ಒಂದೊಂದು ಥರ.

ಒಂದು ಎಚ್ಚರಿಕೆ. ಶರತ್ಕಾಲದ ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಸಮುದ್ರದ ಭರತ ಜಾಸ್ತಿಯಾಗಿ, ಮಳೆಯಿಲ್ಲದಿದ್ದರೂ ಕೆಲವು ಬೀದಿಗಳಿಗೆ ನೀರು ನುಗ್ಗುತ್ತದೆ. ದಿನ ಗೊತ್ತು ಮಾಡುವಾಗ ಭರತ–ಇಳಿತದ ವೇಳಾಪಟ್ಟಿ ನೋಡಿಬಿಡಿ.

ಪ್ರಶ್ನೆ (ಅದೇ ಸದಸ್ಯೆ): ಮಾವನಿಗೆ ಇಷ್ಟವಾಗುವಂಥದ್ದು ಏನಿದೆ? ಅಂಗಡಿ ಬೀದಿ ಸುತ್ತುವುದು ಅವರಿಗೆ ಆಗಿಬರುವುದಿಲ್ಲ.

ಉತ್ತರ: ಮಾವನಿಗಂತೂ ಇದು ಹೇಳಿಮಾಡಿಸಿದ ಜಾಗ. ಈ ಊರು ಶ್ರೀಮಂತವಾದದ್ದೇ ಭತ್ತದಿಂದ! ಕ್ಯಾರೊಲೈನಾ ಗೋಲ್ಡ್ ಅನ್ನುವ ಅಕ್ಕಿ ಇಲ್ಲಿಂದ ಯುರೋಪಿಗೆಲ್ಲ ಹೋಗುತ್ತಿತ್ತು. ಆ್ಯಶ್ಲಿ ನದಿ ದಂಡೆಯ ಮಿಡಲ್‌ಟನ್ ಪ್ಲೇಸ್‌ಗೆ ಅರ್ಧ ದಿನ ಇಡಿ. 1741ರಲ್ಲಿ ಶುರುವಾದ ತೋಟ ಅದು. ಮೆಟ್ಟಿಲು ಮೆಟ್ಟಿಲಾಗಿ ನದಿಗೆ ಇಳಿಯುವ ಹುಲ್ಲು, ಕೆಳಗೆ ಚಿಟ್ಟೆಯ ರೆಕ್ಕೆಯಂತೆ ಎರಡು ಕೊಳ. ಆದರೆ ಮಾವ ನಿಲ್ಲುವುದು ಅಲ್ಲಿಯ ಭತ್ತದ ಗದ್ದೆಯ ಹತ್ತಿರ, ನೋಡಿ. ನಮ್ಮ ಕರಾವಳಿಯ ಉಪ್ಪುನೀರಿನ ಗಜನಿ ಗದ್ದೆ ಗೊತ್ತಿರುವವರಿಗೆ ವಿವರಿಸುವುದೇ ಬೇಡ. ಇಲ್ಲೂ ಬದು ಕಟ್ಟಿ, ಮರದ ತೂಬು ಇಟ್ಟು ಭರತ–ಇಳಿತದ ಲೆಕ್ಕದಲ್ಲಿ ನೀರು ಬಿಡುತ್ತಿದ್ದರು. ಒಂದೇ ವ್ಯತ್ಯಾಸ ಅಂದರೆ, ಇವರಿಗೆ ಬೇಕಾಗಿದ್ದದ್ದು ಉಪ್ಪು ಸೇರದ ನದಿನೀರು. ಭರತ ಅದನ್ನು ಮೇಲಕ್ಕೆ ತಳ್ಳುವ ಜಾಗ ಹುಡುಕಿ ಗದ್ದೆ ಮಾಡಿದರು.

ಮಾಡಿದವರು ಯಾರು ಅನ್ನುವುದನ್ನು ಬಿಟ್ಟು ಈ ಊರು ನೋಡಿದರೆ ನೋಡಿದ ಹಾಗಲ್ಲ. ಜೌಗಿನಲ್ಲಿ ನಿಂತು ಬದು ಎತ್ತಿದವರು ಗುಲಾಮರಾಗಿ ತಂದ ಆಫ್ರಿಕದ ಜನ. ಎಷ್ಟೋ ಮಂದಿ ಪಶ್ಚಿಮ ಆಫ್ರಿಕದ ಭತ್ತದ ಸೀಮೆಯವರು, ಬೇಸಾಯ ಗೊತ್ತಿದ್ದವರು. ಅವರ ವಂಶದವರೇ ಇಂದಿನ ಗಲ್ಲಾ-ಗೀಚಿ ಜನ. ಒಂದು ಸಂಜೆಯ ದುಬಾರಿ ಊಟ ಕಡಿಮೆ ಮಾಡಿ, ಗಲ್ಲಾ ಸಮುದಾಯದ ಗೈಡ್ ಒಬ್ಬರನ್ನು ನಿಮ್ಮ ಕುಟುಂಬಕ್ಕೆಂದೇ ಗೊತ್ತು ಮಾಡಿಕೊಳ್ಳಿ. ಅಜ್ಜಿ ಹೇಳಿದ್ದನ್ನು ಮೊಮ್ಮಗ ಹೇಳುವ ರೀತಿಯೇ ಬೇರೆ.

ಗ್ಯಾಡ್ಸ್‌ಡನ್ಸ್ ವಾರ್ಫ್‌ನಲ್ಲಿರುವ ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ತಪ್ಪಿಸಬೇಡಿ. 2023ರಲ್ಲಿ ತೆರೆದದ್ದು. ಗುಲಾಮರ ಹಡಗುಗಳು ಬಂದು ನಿಲ್ಲುತ್ತಿದ್ದ ಕಟ್ಟೆಯ ಜಾಗದಲ್ಲೇ ಇದೆ. ಆ ನೆಲ ಮುಟ್ಟಬಾರದು ಅಂತ ಇಡೀ ಕಟ್ಟಡವನ್ನು ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ. ಕೆಳಗೆ ನೆಲದಲ್ಲಿ ಮನುಷ್ಯರ ಮೈಯ ಆಕಾರ ಕೆತ್ತಿದೆ. ಹಡಗಿನ ತಳದಲ್ಲಿ ಒತ್ತೊತ್ತಾಗಿ ಮಲಗಿಸುತ್ತಿದ್ದರಲ್ಲ, ಹಾಗೆ ಸಾಲು ಸಾಲು. ಅವುಗಳ ಮೇಲೆ ನೀರು ತೆಳ್ಳಗೆ ಹರಡಿ ಮತ್ತೆ ಇಳಿಯುತ್ತದೆ. ಅಲ್ಲಿಂದ ಬಂದ ತಕ್ಷಣ ಬೇರೇನೂ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ.

ಪ್ರಶ್ನೆ (ಬೇರೆ ಸದಸ್ಯರು): ಹಳೆಯ ಪ್ಲಾಂಟೇಶನ್‌ನಲ್ಲೇ ವಾರ್ಷಿಕೋತ್ಸವದ ಡಿನ್ನರ್ ಇಟ್ಟುಕೊಂಡರೆ ಹೇಗೆ? ಫೋಟೊಗಳು ಭಾರಿ ಚೆನ್ನಾಗಿ ಬರುತ್ತವೆ.

ಉತ್ತರ: ಫೋಟೊ ಚೆನ್ನಾಗಿ ಬರುವುದು ನಿಜ. ಆದರೆ ಗುಲಾಮರನ್ನು ದುಡಿಸಿದ ಆ ಎಸ್ಟೇಟುಗಳಲ್ಲಿ ನಾನು ಪಾರ್ಟಿ ಬುಕ್ ಮಾಡುವುದಿಲ್ಲ, ಕೇಳಿದವರಿಗೆ ನೇರವಾಗಿ ಹೇಳುತ್ತೇನೆ. ನೋಡಲು ಹೋಗಿ, ತಿಳಿಯಲು ಹೋಗಿ. ಜೇಮ್ಸ್ ಐಲ್ಯಾಂಡ್‌ನ ಮೆಕ್ಲೌಡ್ ಪ್ಲಾಂಟೇಶನ್‌ಗೆ ಹೋದರೆ ಗುಲಾಮರಿದ್ದ ಮರದ ಗುಡಿಸಲುಗಳ ಸಾಲು ಇನ್ನೂ ಇದೆ. ಅವುಗಳಲ್ಲಿ 1990ರವರೆಗೂ ಜನ ವಾಸವಿದ್ದರು. ಅಂಥ ನೆಲದಲ್ಲಿ ಕೇಕ್ ಕತ್ತರಿಸಲು ನನಗೆ ಮನಸ್ಸು ಬರುವುದಿಲ್ಲ. ಡಿನ್ನರ್ ಕಿಯಾವಾದಲ್ಲಿ ಸಮುದ್ರದ ಎದುರು ಇಟ್ಟುಕೊಳ್ಳಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡೋದು?

ಉತ್ತರ: ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಮೆನುವಿನಲ್ಲಿ ಬರೀ ಸೊಪ್ಪು, ಕಾಳು, ಅನ್ನ ಅಂತ ಕಂಡರೂ ಮಾಂಸ ಇರುತ್ತದೆ. ಕಾಲರ್ಡ್ ಸೊಪ್ಪನ್ನು ಹಂದಿಮಾಂಸದ ಜೊತೆ ಬೇಯಿಸುವುದೇ ವಾಡಿಕೆ. ಅಲಸಂದೆ ಅನ್ನ, ಅಂದರೆ ಹಾಪಿನ್ ಜಾನ್, ಅದರಲ್ಲೂ ಹಂದಿ. ಟೊಮೆಟೊ ಹಾಕಿದ ರೆಡ್ ರೈಸ್‌ಗೆ ಬೇಕನ್, ಅದೂ ಹಂದಿಯೇ. ಗ್ರಿಟ್ಸ್ ನಮ್ಮ ಜೋಳದ ನುಚ್ಚಿನ ಹಾಗೆ ಕಂಡರೂ ಕೆಲವು ಕಡೆ ಕೋಳಿ ರಸದಲ್ಲಿ ಬೇಯಿಸುತ್ತಾರೆ. "ವೆಜಿಟೇರಿಯನ್ನಾ?" ಅಂತ ಕೇಳಿದರೆ ಸಾಲದು. "ಬೇಕನ್, ಹ್ಯಾಮ್, ಚಿಕನ್ ಸ್ಟಾಕ್, ಸೀಗಡಿ ಇದೆಯಾ?" ಅಂತ ಒಂದೊಂದಾಗಿ ಕೇಳಿ. ದೊಡ್ಡ ರೆಸ್ಟೋರೆಂಟ್‌ಗಳಿಗೆ ಎರಡು ಮೂರು ದಿನ ಮುಂಚೆ ತಿಳಿಸಿದರೆ ಅಡುಗೆಯವರು ಬೇರೆಯಾಗಿ ಮಾಡಿಕೊಡುತ್ತಾರೆ, ಬಹಳ ಪ್ರೀತಿಯಿಂದ ಮಾಡುತ್ತಾರೆ. ಬೆಂಡೆಕಾಯಿ ಇಲ್ಲಿ ಧಾರಾಳ. ದಾರಿಬದಿ ಬೇಯಿಸಿದ ಕಡಲೆಕಾಯಿ ಮಾರುತ್ತಿರುತ್ತಾರೆ, ಬಿಸಿಬಿಸಿ, ಉಪ್ಪುನೀರು ಸೋರುತ್ತಿರುತ್ತದೆ. ಅತ್ತೆಗೆ ಖಂಡಿತ ಖುಷಿಯಾಗುತ್ತದೆ. ಕೊಳ್ಳುವ ಮುಂಚೆ ಹ್ಯಾಮ್ ಹಾಕಿದ್ದಾರಾ ಕೇಳಿ, ಅಂಥದ್ದೂ ಇರುತ್ತದೆ!

ಪ್ರಶ್ನೆ (ಮೊದಲ ಸದಸ್ಯೆ): ಕಿಯಾವಾದಲ್ಲಿ ಗಾಲ್ಫ್ ಬಿಟ್ಟರೆ ಏನಿದೆ? ನಮಗೆ ಗಾಲ್ಫ್ ಬರೋದಿಲ್ಲ.

ಉತ್ತರ: ಬೇಕಾದಷ್ಟಿದೆ. ಹೋಗುವ ದಾರಿಯಲ್ಲೇ ಜಾನ್ಸ್ ಐಲ್ಯಾಂಡ್‌ನಲ್ಲಿ ಏಂಜಲ್ ಓಕ್ ನೋಡಿ. ಮುನ್ನೂರು ನಾನ್ನೂರು ವರ್ಷದ್ದು ಅನ್ನುತ್ತಾರೆ. ಕೊಂಬೆಗಳು ನೆಲಕ್ಕೆ ಇಳಿದು ಮತ್ತೆ ಎದ್ದಿವೆ. ದ್ವೀಪದಲ್ಲಿ ಹತ್ತು ಮೈಲಿ ಕಡಲತೀರ ಇದೆ. ಇಳಿತದ ಹೊತ್ತಿಗೆ ಮರಳು ಎಷ್ಟು ಗಟ್ಟಿಯಾಗುತ್ತದೆ ಅಂದರೆ ಅದರ ಮೇಲೆ ಸೈಕಲ್ ಹೊಡೆಯಬಹುದು.

ದ್ವೀಪದ ಪಶ್ಚಿಮ ತುದಿಯಲ್ಲಿ ಕ್ಯಾಪ್ಟನ್ ಸ್ಯಾಮ್ಸ್ ಇನ್ಲೆಟ್ ಅನ್ನುವ ಅಳಿವೆ ಇದೆ. ಅಲ್ಲಿ ಇಳಿತದ ಹೊತ್ತಿಗೆ ಕಾಯಬೇಕು. ಡಾಲ್ಫಿನ್‌ಗಳು ಸೇರಿ ಮೀನಿನ ಹಿಂಡನ್ನು ದಂಡೆಗೆ ಅಟ್ಟುತ್ತವೆ. ಒಮ್ಮೆಲೇ ಅಲೆ ಎಬ್ಬಿಸಿ ಮೀನನ್ನು ಕೆಸರಿಗೆ ಎಸೆದು, ತಾವೂ ಹೊರಳಿ ದಡಕ್ಕೆ ಜಾರುತ್ತವೆ. ಸಾಮಾನ್ಯವಾಗಿ ಬಲಮಗ್ಗುಲಲ್ಲೇ! ಮೀನು ಹೆಕ್ಕಿಕೊಂಡು ಕ್ಷಣದಲ್ಲಿ ನೀರಿಗೆ ವಾಪಸ್. ಇಂಥ ಬೇಟೆ ಜಗತ್ತಿನಲ್ಲಿ ಕೆಲವೇ ಕಡೆ ನೋಡಸಿಗುತ್ತದೆ. ದೂರ ನಿಂತು ನೋಡಿ, ಹತ್ತಿರ ಹೋದರೆ ಅವು ಬಿಟ್ಟುಹೋಗುತ್ತವೆ.

ಉಳಿಯಲು ದಿ ಸ್ಯಾಂಕ್ಚುವರಿ ಹೋಟೆಲ್ ಇದೆ, ಸಮುದ್ರದ ಎದುರೇ. ಮುಸ್ಸಂಜೆ ಸಣ್ಣ ನುಸಿ ಕಾಟ ಉಂಟು, ತುಂಬು ತೋಳಿನ ಬಟ್ಟೆ ಇರಲಿ.

ಪ್ರಶ್ನೆ: ಅಟ್ಲಾಂಟಾದಿಂದ ಇಬ್ಬರೇ ಹೋಗುವವರಿಗೆ?

ಉತ್ತರ: ನಿಮಗೆ ಸವಾನಾ ಹತ್ತಿರ, ಸುಮಾರು ನಾಲ್ಕು ಗಂಟೆ. 1733ರಲ್ಲಿ ಕಟ್ಟಿದ ಊರು, ಇಪ್ಪತ್ತೆರಡು ಚೌಕಗಳು ಇಂದಿಗೂ ಉಳಿದಿವೆ. ಎರಡು ರಾತ್ರಿ ಅಲ್ಲಿ ಇದ್ದು, ಆಮೇಲೆ ಜೆಕಿಲ್ ಐಲ್ಯಾಂಡ್ ಅಥವಾ ದೋಣಿಯಲ್ಲಿ ಮಾತ್ರ ತಲುಪಬಹುದಾದ ಕಂಬರ್‌ಲ್ಯಾಂಡ್ ಐಲ್ಯಾಂಡ್. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ಸ್ ಡೇ ಸುತ್ತಮುತ್ತ ಮಾತ್ರ ಬೇಡ, ಜನಜಾತ್ರೆ, ಬಾಡಿಗೆಯೂ ಜಾಸ್ತಿ.

ಪ್ರಶ್ನೆ (ಮೊದಲ ಸದಸ್ಯೆ): ಅಕ್ಟೋಬರ್ ಅಂದರೆ ಚಂಡಮಾರುತದ ಭಯ ಇಲ್ವಾ?

ಉತ್ತರ: ಇದೆ. ಜೂನ್ 1ರಿಂದ ನವೆಂಬರ್ 30ರವರೆಗೆ ಅದರದೇ ಕಾಲ. ಅಕ್ಟೋಬರ್ ಕೊನೆಗೆ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಾಗಾಗಿ ಕೋಣೆ ಬುಕ್ ಮಾಡಿದ ವಾರದಲ್ಲೇ ಪ್ರವಾಸ ವಿಮೆ ಮಾಡಿಸಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಆ ಚಂಡಮಾರುತದ ನಷ್ಟಕ್ಕೆ ಸಿಗುವುದಿಲ್ಲ. ಕೋಣೆ ರದ್ದು ಮಾಡಿದರೆ ಎಷ್ಟು ದುಡ್ಡು ವಾಪಸ್ ಬರುತ್ತದೆ ಅನ್ನುವುದನ್ನು ಹೋಟೆಲಿನಿಂದ ಬರಹದಲ್ಲೇ ಪಡೆಯಿರಿ. ದಿನ ಗೊತ್ತಾದ ಮೇಲೆ ಇಲ್ಲೇ ಹಾಕಿ, ಆ ವಾರದ ಭರತ–ಇಳಿತದ ಹೊತ್ತು ನೋಡಿ ಡಾಲ್ಫಿನ್ ನೋಡಲು ಯಾವ ಬೆಳಿಗ್ಗೆ ಒಳ್ಳೆಯದು ಅಂತ ಹೇಳುತ್ತೇನೆ.