ಅಪ್‌ಡೇಟ್: ಕ್ಯಾಸೆಟ್, ನಕ್ಷೆಗಳ ಕ್ಯಾಟಲಾಗ್ ಕೆಲಸ ಎಲ್ಲಿಗೆ ಬಂತು

ತುಮಕೂರಿನ ಕಾಲೇಜು ಲೈಬ್ರರಿಗೆ ಸೇರಿದ ಹೊಸದರಲ್ಲಿ ಕೇಳಿದ್ದೆ: ಪುಸ್ತಕ ಸರಿ, ಬೀರುವಿನಲ್ಲಿರೋ ಕ್ಯಾಸೆಟ್, ಸಿಡಿ, ನಕ್ಷೆಗಳಿಗೆ ಏನು ನಂಬರ್ ಕೊಡೋದು ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

"ನಂಬರ್ ವಿಷಯಕ್ಕೆ, ರೂಪಕ್ಕಲ್ಲ" ಅಂದ್ರಲ್ಲ, ಅದೊಂದೇ ಮಾತಿಗೆ ಅರ್ಧ ಗೊಂದಲ ಕಳೆಯಿತು. ಮೂಡಲಪಾಯ ಯಕ್ಷಗಾನದ ಕ್ಯಾಸೆಟ್ಟಿಗೂ ಅದರ ಬಗ್ಗೆ ಬರೆದ ಪುಸ್ತಕಕ್ಕೂ ಡ್ಯೂಯಿಯಲ್ಲಿ (ವಿಷಯಕ್ಕೊಂದು ನಂಬರ್ ಕೊಡೋ ವರ್ಗೀಕರಣ ಪದ್ಧತಿ) ರಂಗಭೂಮಿಯ 792ರಲ್ಲೇ ಜಾಗ. ಕ್ಯಾಸೆಟ್ಟೋ ಪುಸ್ತಕವೋ ಅನ್ನೋದನ್ನ ಲೈಬ್ರರಿ ಸಾಫ್ಟ್‌ವೇರ್ ಕೋಹಾದಲ್ಲಿ ಐಟಂ ಟೈಪ್ ಹೇಳುತ್ತದೆ. ಮಾರ್ಕ್ ಅನ್ನೋ ಕ್ಯಾಟಲಾಗ್ ನಮೂನೆಯ 300ನೇ ಫೀಲ್ಡಿನಲ್ಲಿ ಪುಟದ ಬದಲು ಎಷ್ಟು ಕ್ಯಾಸೆಟ್, ಎಷ್ಟು ನಿಮಿಷ ಅಂತ ಬರೆದರಾಯಿತು.

ತಲೆ ತಿಂದಿದ್ದು ಲೇಬಲ್ಲೇ ಇಲ್ಲದ ಕ್ಯಾಸೆಟ್. ಡಬ್ಬದ ಮೇಲೂ ಏನೂ ಇಲ್ಲ. ಹಳೆ ಪ್ಲೇಯರ್ ಹುಡುಕಿ ಕೇಳಿಸಿಕೊಂಡರೆ ಒಳಗೆ ಹರಿಕಥೆ! ಹೆಸರು ನಾನೇ ಕೊಟ್ಟು, ಶೀರ್ಷಿಕೆಯ ಫೀಲ್ಡಾದ 245ರಲ್ಲಿ ಚೌಕ ಕಂಸದೊಳಗೆ ಹಾಕಿದೆ. ಅದು ನಾವು ಇಟ್ಟ ಹೆಸರು ಅಂತ ನೋಡಿದವರಿಗೆ ತಿಳಿಯಬೇಕಲ್ವಾ? ಜೊತೆಗೆ ಒಂದು ಟಿಪ್ಪಣಿಯೂ ಸೇರಿಸಿದೆ.

ನಕ್ಷೆ ಇಷ್ಟು ಕಾಡಲಿಲ್ಲ. ಕರ್ನಾಟಕದ್ದಾದರೆ ಡ್ಯೂಯಿ ನಂಬರ್ 912.5487. ಸ್ಕೇಲ್ ಮಾತ್ರ ಮಾರ್ಕ್‌ನ 255ನೇ ಫೀಲ್ಡಿನಲ್ಲಿ ಬರೆಯಲೇಬೇಕು. 1:50,000ದ ಟೋಪೋಶೀಟ್ (ಬೆಟ್ಟ, ಹೊಳೆ, ದಾರಿಗಳನ್ನೆಲ್ಲ ತೋರಿಸೋ ನಕ್ಷೆ) ಬೇಕು ಅಂತ ಬರೋ ಭೂಗೋಳದ ಮೇಷ್ಟ್ರು ಮೊದಲು ನೋಡೋದೇ ಅದನ್ನ.

ಪುಸ್ತಕದ ಹಿಂದಿನ ಜೇಬಿನಲ್ಲಿರೋ ಸಿಡಿಗಳಿಗೆ ಬೇರೆ ರೆಕಾರ್ಡ್ ಮಾಡಲಿಲ್ಲ. ಪುಸ್ತಕದ 300ರಲ್ಲೇ ಜೊತೆ ಸಾಮಗ್ರಿ ಅಂತ ತೋರಿಸಿದೆ. ಬಿಡಿ ಸಿಡಿಗಳು ಇನ್ನೂ ಒಂದು ಡಬ್ಬ ಉಳಿದಿವೆ, ಮುಂದಿನ ವಾರ ಅವನ್ನ ಹಿಡಿಯುತ್ತೇನೆ.