ಸೇವಂತಿಗೆಯ ಕೆಳಗಿನ ಎಲೆ ಕಪ್ಪಾಗಿ ಒಣಗುತ್ತಿದೆ, ಈಗ ಗಿಡ ಕತ್ತರಿಸಬೇಕಾ?

ಸಪ್ತಾಪುರದ ಹಿತ್ತಲು (ಧಾರವಾಡ):
ಮೂರು ವರ್ಷದ ಹಿಂದೆ ನಮ್ಮ ಅವ್ವ ಗದಗಿನ ಮನೆಯ ಹಿತ್ತಲಿಂದ ಹಳದಿ ಸೇವಂತಿಗೆಯ ನಾಲ್ಕು ಮರಿ ಕಿತ್ತು, ಹಸಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು. ಅವೇ ಈಗ ಕಾಂಪೌಂಡ್ ಉದ್ದಕ್ಕೂ ಹಬ್ಬಿವೆ. ಜೂನ್‌ನಲ್ಲಿ ಬುಡ ಕಾಣದಷ್ಟು ದಟ್ಟ ಎಲೆ ಇತ್ತು. ಪಂಚಮಿ ಆದ ಮೇಲೆ ಜಿಟಿಜಿಟಿ ಮಳೆ ಹಿಡಿಯಿತು ನೋಡಿ, ಬುಡದ ಎಲೆಗಳಿಗೆ ಕಪ್ಪು ಚುಕ್ಕೆ ಬಂತು. ಆಮೇಲೆ ಎಲೆ ಹಳದಿಯಾಗಿ, ಒಣಗಿ, ಉದುರದೆ ಕಾಂಡಕ್ಕೇ ಜೋತು ಬೀಳುತ್ತದೆ. ಈಗ ಕೆಳಗೆ ಗೇಣುದ್ದ ಬೋಳು, ತುದಿ ಮಾತ್ರ ಹಸಿರು. ಪಕ್ಕದ ಮನೆಯ ಕಾಕಿ ಅರ್ಧಕ್ಕೆ ಕತ್ತರಿಸು ಅಂತಾರೆ. ನನಗೆ ಮನಸ್ಸಿಲ್ಲ. ದೀಪಾವಳಿಗೆ ಅವ್ವ ಬರ್ತಾಳೆ, ಅವಳು ಕೊಟ್ಟ ಗಿಡದ ಹೂವೇ ಅವಳಿಗೆ ಮುಡಿಸಬೇಕು.

ಹಾವೇರಿ ಹೂವಿನ ಹೊಲ:
ಅಕ್ಕಾರೆ, ಈಗ ಕತ್ತರಿ ಹಚ್ಚಬೇಡಿ. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾಗುತ್ತಾ ಹೋದ ಹಾಗೆ. ಆ ಹೊತ್ತು ಬಂದೇಬಿಟ್ಟಿತು. ಕುಡಿ ಚಿವುಟುವುದೆಲ್ಲ ನಾಟಿ ಮಾಡಿ ಒಂದು ತಿಂಗಳಿಗೆ ಮಾಡುವ ಕೆಲಸ. ಈಗ ತುದಿ ಹೋದರೆ ಹಬ್ಬದ ಹೂ ಹೋದ ಹಾಗೆಯೇ.

ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದು ನೋಡಿ. ದುಂಡನೆಯ ಕಂದು ಚುಕ್ಕೆ, ಅದರ ನಡುವೆ ಸೂಜಿಮೊನೆಯಷ್ಟು ಕರಿ ಕಾಳು ಇದ್ದರೆ ಅದು ಎಲೆಚುಕ್ಕೆ ರೋಗ, ಶಿಲೀಂಧ್ರದ್ದು. ನರದ ಗೆರೆಗೆ ತಡೆದು ನಿಂತು ಮೂಲೆ ಮೂಲೆಯಾಗಿ ಕಂದಾಗಿದ್ದರೆ ಕಣ್ಣಿಗೆ ಕಾಣದ ಜಂತುಹುಳು, ಅದಕ್ಕೆ ಶಿಲೀಂಧ್ರದ ಔಷಧಿ ನಡೆಯುವುದಿಲ್ಲ. ಶಿಲೀಂಧ್ರವಾದರೆ ಮಳೆಹನಿ ಮಣ್ಣಿಗೆ ಬಿದ್ದು ಸಿಡಿದಾಗ ಬುಡದಿಂದ ಮೇಲಕ್ಕೆ ಏರುತ್ತದೆ. ಅದಕ್ಕೇ ನಿಮಗೆ ಕೆಳಗಿನಿಂದ ಹತ್ತಿದೆ.

ಎಲೆ ಒಣಗಿರುವಾಗ, ಮಧ್ಯಾಹ್ನ, ಸತ್ತ ಎಲೆಗಳನ್ನಷ್ಟೇ ಕೈಯಿಂದ ಬಿಡಿಸಿ. ಒದ್ದೆ ಗಿಡ ಮುಟ್ಟಬೇಡಿ, ನಮ್ಮ ಕೈಯೇ ರೋಗ ಹರಡುತ್ತದೆ. ಬಿಡಿಸಿದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಆಮೇಲೆ ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರದ ಔಷಧಿ, ಲೀಟರ್ ನೀರಿಗೆ 2 ಗ್ರಾಂ, ಎಲೆಯ ಅಡಿಗೂ ತಾಗುವಂತೆ ಹೊಡೆಯಿರಿ. ಕೈಗೆ ಗ್ಲೌಸ್, ಬಾಯಿಗೆ ಬಟ್ಟೆ ಇರಲಿ. ಮೊಗ್ಗು ಬಣ್ಣ ತೋರಿಸಿದ ಮೇಲೆ ಬೇಡ. ಮುಡಿಯುವ ಹೂ ಅಲ್ವಾ.

ಬೆಟಗೇರಿ ಎರೆಮಣ್ಣು:
ಬುಡದಲ್ಲಿ ನೀರು ನಿಲ್ಲುತ್ತದಾ ಅಂತಲೂ ನೋಡಿ. ನಮ್ಮ ಎರೆ ಮಣ್ಣಲ್ಲಿ ಚುಕ್ಕೆಯೇ ಇಲ್ಲದೆ ಇಡೀ ಎಲೆ ಹಳದಿಯಾದರೆ ಬೇರು ಕೊಳೆಯುತ್ತಿದೆ ಅಂತ ತಿಳಿಯುತ್ತೇವೆ. ಪಕ್ಕಕ್ಕೊಂದು ಸಣ್ಣ ಕಾಲುವೆ ತೋಡಿದರೆ ಸಾಕು.

ಇನ್ನೊಂದು. ಕಾಂಪೌಂಡ್ ಹತ್ತಿರ ಬೀದಿದೀಪ ಇದೆಯಾ? ನನ್ನ ಕುಂಡ ಒಂದು ವರ್ಷ ದೀಪದ ಕೆಳಗೇ ಇತ್ತು. ಎಲೆ ಒಂದೂ ಕೆಡಲಿಲ್ಲ, ಮೊಗ್ಗೂ ಬರಲಿಲ್ಲ. ಹಿಂದಿನ ಕತ್ತಲಿಗೆ ಸರಿಸಿದ ಮೇಲೆ ಬಂತು.

ಸಪ್ತಾಪುರದ ಹಿತ್ತಲು:
ನೋಡಿದೆ. ದುಂಡನೆ ಚುಕ್ಕೆ, ಕರಿ ಕಾಳು ಎಣಿಸುವ ಹಾಗಿದೆ. ಇವತ್ತು ಬಿಸಿಲು ಬಂದಿತ್ತು, ಒಂದು ಬುಟ್ಟಿ ಎಲೆ ಬಿಡಿಸಿದೆ. ಬೋಳು ಕಾಂಡದ ಗೆಣ್ಣುಗಳಲ್ಲಿ ಅಕ್ಕಿಕಾಳಿನಷ್ಟು ಹಸಿರು ಚಿಗುರು ಕಂಡವು! ಗೇಟಿನ ಪಕ್ಕದ ಎರಡು ಗಿಡಕ್ಕೆ ಬೀದಿದೀಪ ಬೀಳುತ್ತದೆ. ಹೋದ ವರ್ಷ ಆ ಎರಡೇ ತಡವಾಗಿ ಅರಳಿದ್ದು, ಈಗ ಗೊತ್ತಾಯ್ತು. ಸಂಜೆಯಾದರೆ ಒಂದು ಗೋಣಿತಾಟು ಅಡ್ಡ ಕಟ್ಟುತ್ತೇನೆ.